ಅಜ್ಜಿಯ ಕೈ ಮೇಲೇಳುತ್ತಿಲ್ಲ: ಹಿರಿಯರ ಉರಿಯೂತದ ಗಂಟುನೋವು, ರಕ್ತನಾಳದ ಕಾಯಿಲೆ ಮತ್ತು ಅವುಗಳ ಚಿಕಿತ್ಸೆ

(ಶಿವಮೊಗ್ಗದಲ್ಲಿ ಹಿರಿಯರಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಏರ್ಪಾಡಾಗಿದ್ದ ಸಭೆಯಲ್ಲಿ ವೈದ್ಯನಾಗಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲದಲ್ಲಿ ಮಲೆನಾಡಿನ ಯಾವ ಮನೆಗೆ ಹೋದರೂ ಗಂಟುನೋವಿನ ಮಾತು ಬಂದೇ ಬರುತ್ತದೆ. ಥಂಡಿ ಹಿಡಿದಿದೆ, ವಾಯು ಆಗಿದೆ, ವಯಸ್ಸಾಯ್ತಲ್ವಾ ಅಂತ ಹೇಳಿ ಮುಗಿಸುತ್ತಾರೆ. ಬಹಳ ಸಲ ಅದು ಸರಿಯೇ ಇರುತ್ತದೆ. ಮಂಡಿ ಸವೆದವರಿಗೆ ನಡೆದಾಗ ನೋವು, ಕೂತರೆ ಆರಾಮ. ಅದಕ್ಕೆ ದೊಡ್ಡ ಔಷಧಿ ಬೇಕಿಲ್ಲ. ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ತೂಕ ಇಳಿಸುವುದು, ಒಂದು ಊರುಗೋಲು, ಇಷ್ಟರಲ್ಲೇ ಎಷ್ಟೋ ಜನ ನಡೆದಾಡಿಕೊಂಡಿರುತ್ತಾರೆ.

ನನಗೆ ಚಿಂತೆ ಇರುವುದು ಅವರ ನಡುವೆ ಸುಮ್ನೆ ಕೂತಿರುವ ಇನ್ನು ಕೆಲವರ ಬಗ್ಗೆ. ಅವರ ಗಂಟು ಸವೆದಿಲ್ಲ, ಊದಿದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗಂಟಿನ ಮೇಲೆ, ಕೆಲವೊಮ್ಮೆ ತನ್ನದೇ ರಕ್ತನಾಳದ ಮೇಲೆ ತಿರುಗಿಬಿದ್ದಿದೆ. ಇದಕ್ಕೆ ಚಿಕಿತ್ಸೆ ಇದೆ, ಒಳ್ಳೆಯ ಚಿಕಿತ್ಸೆಯೇ ಇದೆ. ಆದರೆ ವಯಸ್ಸಿನ ಹೆಸರು ಹೇಳಿ ನಾವು ಎರಡು ಕಡೆಯಿಂದ ಹಿರಿಯರಿಗೆ ಅನ್ಯಾಯ ಮಾಡುತ್ತೇವೆ. ವಯಸ್ಸಾಯ್ತು ಅಂತ ಕಾಯಿಲೆಯನ್ನು ಹುಡುಕುವುದಿಲ್ಲ. ಕಾಯಿಲೆ ಸಿಕ್ಕಿದ ಮೇಲೂ ಈ ವಯಸ್ಸಿಗೆ ದೊಡ್ಡ ಔಷಧಿ ಯಾಕೆ ಅಂತ ನೋವಿನ ಮಾತ್ರೆ ಮತ್ತು ಸ್ಟಿರಾಯ್ಡ್ ಮೇಲೇ ವರ್ಷಗಟ್ಟಲೆ ದೂಡುತ್ತೇವೆ. ಹಿರಿಯರ ದೇಹಕ್ಕೆ ಜಾಸ್ತಿ ಪೆಟ್ಟು ಕೊಡುವುದು ಆ ಎರಡೇ.

ಗುರುತಿಸುವುದು ಹೇಗೆ? ಬೆಳಿಗ್ಗೆಯನ್ನು ಗಮನಿಸಿ. ಸವೆತದ ನೋವಿನವರಿಗೆ ಎದ್ದಾಗ ಐದು ಹತ್ತು ನಿಮಿಷ ಬಿಗಿತ ಇರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಉರಿಯೂತದವರಿಗೆ ಮುಕ್ಕಾಲು ಗಂಟೆ, ಒಂದು ಗಂಟೆ, ಕೆಲವರಿಗೆ ಮಧ್ಯಾಹ್ನದವರೆಗೂ ಬಿಗಿತ. ರಾತ್ರಿ ಮಗ್ಗಲು ಬದಲಾಯಿಸಲು ಕಷ್ಟ. ಕೂತು ಎದ್ದಾಗ ಮತ್ತೆ ಬಿಗಿತ.

ತೀರ್ಥಹಳ್ಳಿ ಕಡೆಯ ಒಬ್ಬರು ಅಜ್ಜಿ ನನ್ನ ಹತ್ತಿರ ಬಂದಾಗ ಮಗಳು ಹೇಳಿದ್ದು ಇಷ್ಟೇ: 'ಅಮ್ಮನಿಗೆ ಸುಸ್ತು, ಏನೂ ಮಾಡುವುದಿಲ್ಲ.' ಬೆಳಿಗ್ಗೆಯಿಂದ ಒಂದೊಂದೇ ಕೆಲಸ ಹೇಳಿ ಅಂದೆ. ಅಜ್ಜಿ ಹೇಳಿದರು. ಬಚ್ಚಲಲ್ಲಿ ಹಂಡೆಯಿಂದ ನೀರು ಮೊಗೆಯಬಹುದು, ಚೊಂಬನ್ನು ತಲೆಯವರೆಗೆ ಎತ್ತಲು ಆಗುವುದಿಲ್ಲ. ತುರುಬು ಕಟ್ಟಿಕೊಳ್ಳಲು ಆಗುವುದಿಲ್ಲ. ಅಡಿಕೆ ಸುಲಿಯಲು ಮೆಟ್ಟುಕತ್ತಿ ಮೇಲೆ ಕೂತರೆ ಮತ್ತೆ ಏಳಲು ಇಬ್ಬರು ಬೇಕು. ಹಿಂದಿನ ಸುಗ್ಗಿಯಲ್ಲಿ ಇದೇ ಅಜ್ಜಿ ಎಲ್ಲರ ಜೊತೆ ರಾತ್ರಿ ಹತ್ತರವರೆಗೆ ಕೂತು ಸುಲಿದಿದ್ದರಂತೆ. ಎರಡೂ ಭುಜ, ಎರಡೂ ಸೊಂಟದ ಭಾಗ ಹೀಗೆ ಕೆಲವೇ ವಾರಗಳಲ್ಲಿ ಹಿಡಿದುಕೊಂಡರೆ ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಅನ್ನುವ ಕಾಯಿಲೆ ಇರಬಹುದಾ ಅಂತ ಯೋಚಿಸಬೇಕು. 50 ದಾಟಿದವರಿಗೆ ಮಾತ್ರ ಬರುವ ಕಾಯಿಲೆ ಇದು, 70ರ ಆಚೆಗೆ ಜಾಸ್ತಿ. ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ ಏರಿರುತ್ತವೆ, ಇವು ದೇಹದಲ್ಲಿ ಉರಿಯೂತ ಇದೆ ಅಂತ ತೋರಿಸುವ ಅಂಕಿಗಳು. ಆ ಅಜ್ಜಿಗೆ ದಿನಕ್ಕೆ 15 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ ಕೊಟ್ಟೆವು. ಸಾಮಾನ್ಯವಾಗಿ 12.5ರಿಂದ 25ರ ಒಳಗೆ ಶುರು ಮಾಡುತ್ತಾರೆ. ವಾರದೊಳಗೆ ತಲೆ ತಾವೇ ಬಾಚಿಕೊಂಡರು.

ಹಾಗಂತ ಭುಜ ನೋವು ಅಂದವರಿಗೆಲ್ಲ ಸ್ಟಿರಾಯ್ಡ್ ಕೊಟ್ಟು ನೋಡುವುದು ತಪ್ಪು. ಸ್ಟಿರಾಯ್ಡ್ ಕೊಟ್ಟರೆ ಬಹಳ ನೋವುಗಳು ನಾಲ್ಕು ದಿನ ಕಡಿಮೆಯಾಗುತ್ತವೆ. ಥೈರಾಯ್ಡ್ ತೊಂದರೆ, ವಿಟಮಿನ್ ಡಿ ಕೊರತೆ, ಕೊಲೆಸ್ಟ್ರಾಲ್ ಮಾತ್ರೆಯಿಂದ ಬರುವ ಸ್ನಾಯುನೋವು, ಎಲ್ಲೋ ಅಡಗಿರುವ ಸೋಂಕು ಅಥವಾ ಕ್ಯಾನ್ಸರ್, ಇವೆಲ್ಲ ಇದೇ ವೇಷದಲ್ಲಿ ಬರಬಹುದು. ನಮ್ಮಲ್ಲಿ ಜ್ವರದ ಕತೆಯನ್ನೂ ಕೇಳಲೇಬೇಕು. 2006ರಲ್ಲಿ ಕರ್ನಾಟಕದಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ ಜ್ವರ ಹೋಗಿ ತಿಂಗಳುಗಳಾದರೂ ಕೈಬೆರಳು ಮಡಚಲಾಗದೆ ಕೂತವರು ಎಷ್ಟು ಜನ ಅಂತ ನಿಮಗೇ ನೆನಪಿರುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡು ಊರಿನ ಹೆಸರಿನಲ್ಲೇ ಒಂದು ಗಂಟಿನ ಕಾಯಿಲೆ ಇದೆ, 1970ರ ದಶಕದಲ್ಲಿ ಬೆಳಕಿಗೆ ಬಂದದ್ದು. ಅದು ವಂಶದಲ್ಲಿ ಬರುವ ಮೂಳೆ ಬೆಳವಣಿಗೆಯ ದೋಷ, ಮುಖ್ಯವಾಗಿ ಸೊಂಟದ ಕೀಲನ್ನು ಹಾಳು ಮಾಡುತ್ತದೆ. ನಾನು ಹೇಳುತ್ತಿರುವ ಔಷಧಿಗಳು ಅದಕ್ಕೆ ಕೆಲಸಕ್ಕೆ ಬರುವುದಿಲ್ಲ. ನಮ್ಮ ಒಂದೇ ಜಿಲ್ಲೆಯಲ್ಲಿ ಗಂಟುನೋವಿಗೆ ಇಷ್ಟು ಬೇರೆ ಬೇರೆ ಕಾರಣಗಳಿವೆ.

ಇನ್ನೊಂದು ಕಾಯಿಲೆ ಹೇಳಲೇಬೇಕು, ಯಾಕೆಂದರೆ ಇದರಲ್ಲಿ ಒಂದು ದಿನ ತಡವಾದರೂ ಕಣ್ಣು ಹೋಗಬಹುದು. ಜೈಂಟ್ ಸೆಲ್ ಆರ್ಟರೈಟಿಸ್ ಅಂತ. ಕಣತಲೆಯ ಹತ್ತಿರ ಹೋಗುವ ರಕ್ತನಾಳ, ಕಣ್ಣಿಗೆ ಹೋಗುವ ಸಣ್ಣ ನಾಳಗಳು, ಕೆಲವರಲ್ಲಿ ಎದೆಯ ಮಹಾಪಧಮನಿ ಕೂಡ ಊದಿಕೊಳ್ಳುತ್ತವೆ. ಯುರೋಪಿನ ಉತ್ತರದ ದೇಶಗಳಲ್ಲಿ ಇದು ಜಾಸ್ತಿ, ನಮ್ಮಲ್ಲಿ ಕಡಿಮೆ. ಕಡಿಮೆ ಇರುವುದರಿಂದಲೇ ಯಾರಿಗೂ ಹೊಳೆಯುವುದಿಲ್ಲ. 1890ರಲ್ಲಿ ಇಂಗ್ಲೆಂಡಿನ ಜೊನಾಥನ್ ಹಚಿನ್‌ಸನ್ ಮೊದಲು ವಿವರಿಸಿದ ರೋಗಿ ಒಬ್ಬ ಮುದುಕ. ತಲೆಯ ಮೇಲೆ ಕೆಂಪು ಗೆರೆಗಳೆದ್ದು, ನೋವಿನಿಂದ ಟೋಪಿ ಹಾಕಲಾಗುತ್ತಿರಲಿಲ್ಲ. ಹಾಳೆಟೋಪಿ ಹಾಕಿದರೆ ನೋವಾಗುತ್ತದೆ, ದಿಂಬಿಗೆ ತಲೆ ಇಡಲಾಗುವುದಿಲ್ಲ, ಬಾಚಣಿಗೆ ತಾಗಿದರೆ ಉರಿಯುತ್ತದೆ ಅಂತ ನಿಮ್ಮ ಮನೆಯ ಹಿರಿಯರು ಹೇಳಿದರೆ ಅದನ್ನು ತಲೆನೋವು ಅಂತ ಬಿಡಬೇಡಿ.

ಅದಕ್ಕಿಂತ ಮುಖ್ಯವಾದ ಗುರುತು ದವಡೆಯದ್ದು. ಕವಳ ಹಾಕುವವರು ಇಲ್ಲಿ ಬಹಳ ಜನ ಇದ್ದೀರಿ. ಅಗಿಯಲು ಶುರು ಮಾಡಿದಾಗ ಸರಿ ಇರುತ್ತದೆ, ಅಗಿಯುತ್ತಾ ಹೋದ ಹಾಗೆ ದವಡೆ ನೋಯುತ್ತದೆ, ನಿಲ್ಲಿಸಿದರೆ ಕಡಿಮೆಯಾಗುತ್ತದೆ, ಮತ್ತೆ ಅಗಿದರೆ ಮತ್ತೆ ನೋವು. ದವಡೆಯ ಸ್ನಾಯುವಿಗೆ ಸಾಕಷ್ಟು ರಕ್ತ ಹೋಗುತ್ತಿಲ್ಲ ಅಂತ ಅರ್ಥ. ಎಲೆಯಡಿಕೆಯಿಂದಲೇ ಬರುವ ಬಾಯಿಯ ಬಿಗಿತ ಬೇರೆ. ಅದರಲ್ಲಿ ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ, ಖಾರ ತಾಗಿದರೆ ಉರಿಯುತ್ತದೆ. ಅದಕ್ಕೂ ತೋರಿಸಲೇಬೇಕು, ಆದರೆ ಕತೆ ಬೇರೆ. 50 ದಾಟಿದವರಿಗೆ ಹೊಸ ತಲೆನೋವು, ದವಡೆ ನೋವು, ಕ್ಷಣಕಾಲ ಒಂದು ಕಣ್ಣಿಗೆ ಪರದೆ ಬಿದ್ದ ಹಾಗಾಗುವುದು ಅಥವಾ ಒಂದು ಎರಡಾಗಿ ಕಾಣುವುದು, ಇವು ಕೂಡಿಬಂದರೆ ಅದೇ ದಿನ ವೈದ್ಯರನ್ನು ಕಾಣಿ. ಹೊಸನಗರದ ಒಳಗಿನ ಹಳ್ಳಿಯಿಂದ ಶಿವಮೊಗ್ಗಕ್ಕೆ ಬರಲು ನಾಳೆ ಬೆಳಿಗ್ಗೆಯ ಬಸ್ಸೇ ಗತಿ ಅನ್ನುವ ಪರಿಸ್ಥಿತಿ ಇದ್ದರೆ ಹತ್ತಿರದ ವೈದ್ಯರ ಹತ್ತಿರ ಹೋಗಿ ಈ ಕಾಯಿಲೆಯ ಹೆಸರು ಹೇಳಿ. ಅನುಮಾನ ಬಲವಾಗಿದ್ದರೆ ಅವರು ಅಲ್ಲೇ 40ರಿಂದ 60 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಶುರು ಮಾಡಬಹುದು. ರಕ್ತನಾಳದ ಸ್ಕ್ಯಾನ್ ಆದಷ್ಟು ಬೇಗ ಆಗಬೇಕು, ನಾಳದ ಸಣ್ಣ ತುಂಡು ತೆಗೆದು ನೋಡುವ ಬಯಾಪ್ಸಿಯನ್ನು ಒಂದೆರಡು ವಾರದೊಳಗೆ ಮಾಡಿದರೂ ಉತ್ತರ ಸಿಗುತ್ತದೆ. ಪರೀಕ್ಷೆಗೆ ಕಾಯುತ್ತಾ ಔಷಧಿ ತಡ ಮಾಡಬಾರದು. ಹೋದ ದೃಷ್ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಒಂದು ಕಣ್ಣು ಹೋದ ಮೇಲೂ ಚಿಕಿತ್ಸೆ ಆಗದಿದ್ದರೆ ಇನ್ನೊಂದೂ ಹೋಗುವ ಭಯ ಇದೆ.

ಸಣ್ಣ ರಕ್ತನಾಳಗಳ ಉರಿಯೂತವೂ ಇದೆ, ಆಂಕಾ ವ್ಯಾಸ್ಕ್ಯುಲೈಟಿಸ್ ಅನ್ನುತ್ತೇವೆ. ಇದೂ 60, 70ರ ವಯಸ್ಸಿನಲ್ಲಿ ಜಾಸ್ತಿ. ವಾರಗಟ್ಟಲೆ ಜ್ವರ, ತೂಕ ಇಳಿಯುವುದು, ಕೆಮ್ಮಿದರೆ ರಕ್ತ. ಎಕ್ಸ್‌ರೇಯಲ್ಲಿ ಮಚ್ಚೆ ಕಂಡರೆ ಟಿಬಿ ಇರಬೇಕು ಅಂದುಕೊಳ್ಳುವುದು ನಮ್ಮಲ್ಲಿ ಸಹಜ, ಹಾಗೆ ನೋಡಲೂಬೇಕು. ಆದರೆ ಜೊತೆಗೆ ಮೂತ್ರ ಪರೀಕ್ಷೆ ಮಾಡಿಸಿ. ಅದರಲ್ಲಿ ರಕ್ತ, ಪ್ರೋಟೀನ್ ಇದ್ದು, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಿಡ್ನಿ ಉಳಿಸಿಕೊಳ್ಳಲು ಇರುವ ಸಮಯ ಬಹಳ ಕಡಿಮೆ.

ಈಗ ಔಷಧಿಗೆ ಬರೋಣ.

ಸ್ಟಿರಾಯ್ಡ್ ಅಂದರೆ ಕೆಲವರಿಗೆ ಭಯ, ಕೆಲವರಿಗೆ ಪ್ರಾಣ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರ ತಂಡ, ಕೈಕಾಲಿನ ಗಂಟುಗಳು ಊದಿ ಹಾಳಾಗುವ ರುಮಟಾಯ್ಡ್ ಆರ್ಥರೈಟಿಸ್‌ನಿಂದ ನಡೆಯಲಾಗದಿದ್ದ ಒಬ್ಬ ಹೆಂಗಸಿಗೆ ಮೊದಲ ಸಲ ಇದನ್ನು ಕೊಟ್ಟಿತು. ಕೆಲವೇ ದಿನಗಳಲ್ಲಿ ಆಕೆ ನಡೆದಾಡಿದಳು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಲ್, ಟಾಡಿಯಸ್ ರೈಶ್‌ಟೈನ್ ಮೂವರಿಗೂ ನೊಬೆಲ್ ಬಂತು. ಜಾಸ್ತಿ ಪ್ರಮಾಣದಲ್ಲಿ ಬಹಳ ದಿನ ಕೊಟ್ಟರೆ ಏನಾಗುತ್ತದೆ ಅನ್ನುವುದು ಆ ಮೊದಲ ರೋಗಿಗಳಲ್ಲೇ ಕಂಡಿತು. ಮೂಳೆ ಟೊಳ್ಳಾಗುತ್ತದೆ, ಮೊದಲ ಮೂರರಿಂದ ಆರು ತಿಂಗಳಲ್ಲೇ ಅದು ಅತಿ ವೇಗವಾಗಿ ನಡೆಯುತ್ತದೆ. ಅದಕ್ಕೇ ಆಮೇಲೆ ನೋಡೋಣ ಅನ್ನಬಾರದು. ಕ್ಯಾಲ್ಸಿಯಂ, ವಿಟಮಿನ್ ಡಿ, ಬೇಕಾದವರಿಗೆ ಮೂಳೆಯ ಔಷಧಿ, ಎಲ್ಲ ಸ್ಟಿರಾಯ್ಡ್ ಜೊತೆಗೇ ಶುರುವಾಗಬೇಕು. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆ ಕೊಟ್ಟಿದ್ದರೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು ಅಥವಾ ಓಡಾಡುತ್ತಿರಬೇಕು. ಕಾಫಿ ಜೊತೆ ಬೇಡ, ನುಂಗಿ ಮಲಗುವುದೂ ಬೇಡ.

ಸಕ್ಕರೆಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಬೆಳಿಗ್ಗೆ ತೆಗೆದುಕೊಂಡ ಪ್ರೆಡ್ನಿಸೊಲೋನ್ ಸಕ್ಕರೆ ಏರಿಸುವುದು ಮಧ್ಯಾಹ್ನದ ಮೇಲೆ. ಖಾಲಿ ಹೊಟ್ಟೆಯ ಸಕ್ಕರೆ 100 ಇದೆ ಅಂತ ಸಮಾಧಾನದಿಂದ ಇರುತ್ತೀರಿ, ಸಂಜೆ ನೋಡಿದರೆ 300 ಇರುತ್ತದೆ. ಮಧ್ಯಾಹ್ನದ ಊಟದ ಮೇಲಿನ ಸಕ್ಕರೆ ನೋಡಿಸಿ.

ನಮ್ಮ ಕಡೆಯವರಿಗೆ ನಾನು ವಿಶೇಷವಾಗಿ ಹೇಳುವುದು ಒಂದು ಹುಳುವಿನ ಬಗ್ಗೆ. ಸ್ಟ್ರಾಂಜಿಲಾಯ್ಡಿಸ್ ಅಂತ ಅದರ ಹೆಸರು. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರ ಚರ್ಮದ ಮೂಲಕ ಒಳಗೆ ಹೋಗುತ್ತದೆ, ದಶಕಗಟ್ಟಲೆ ಕರುಳಿನಲ್ಲಿ ಸುಮ್ಮನೆ ಇರಬಲ್ಲದು. ಸ್ಟಿರಾಯ್ಡ್ ಕೊಟ್ಟಾಗ ದೇಹದ ತಡೆ ಸಡಿಲವಾಗಿ ಮೈಯೆಲ್ಲ ಹರಡಿ ಜೀವಕ್ಕೇ ಕುತ್ತಾಗಬಹುದು. ತೋಟದಲ್ಲಿ ಬರಿಗಾಲಲ್ಲಿ ಬದುಕು ಕಳೆದವರು ಅದನ್ನು ವೈದ್ಯರಿಗೆ ಹೇಳಿ. ಪರೀಕ್ಷೆ ಇದೆ, ಐವರ್ಮೆಕ್ಟಿನ್ ಅನ್ನುವ ಅಗ್ಗದ ಮಾತ್ರೆಯೂ ಇದೆ. ಟಿಬಿ, ಹೆಪಟೈಟಿಸ್ ಬಿ ಕೂಡ ಹೀಗೆಯೇ ಅಡಗಿದ್ದು ಮೇಲೇಳಬಲ್ಲವು. ದೊಡ್ಡ ಔಷಧಿ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಬರೆದರೆ ಸುಮ್ನೆ ಖರ್ಚು ಮಾಡಿಸುತ್ತಾರೆ ಅಂದುಕೊಳ್ಳಬೇಡಿ.

ಈ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಮಲೆನಾಡಿನಲ್ಲಿ ಜ್ವರ ಬಂದರೆ ಮನೆಯಲ್ಲಿ ಮೂರು ದಿನ ಕಾಯುವುದು ಬೇಡ. ಡೆಂಗಿ, ಇಲಿಜ್ವರ, ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ, ಎಲ್ಲ ಇಲ್ಲಿವೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಕಾಡಿಗೆ ಸೊಪ್ಪಿಗೆ ಹೋಗಿದ್ದಿರಾ, ಅಕ್ಕಪಕ್ಕದಲ್ಲಿ ಮಂಗ ಸತ್ತಿತ್ತಾ, ಅದನ್ನೂ ಹೇಳಿ.

ಹಾಗಾದರೆ ಸ್ಟಿರಾಯ್ಡ್ ಬೇಡವೇ? ಬೇಕು, ಲೆಕ್ಕದಲ್ಲಿ ಬೇಕು. 2022ರಲ್ಲಿ ಪ್ರಕಟವಾದ ಗ್ಲೋರಿಯಾ ಅನ್ನುವ ಯುರೋಪಿನ ಅಧ್ಯಯನ ನನಗೆ ಬಹಳ ಇಷ್ಟ, ಯಾಕೆಂದರೆ ಅದನ್ನು ಮಾಡಿದ್ದೇ 65 ದಾಟಿದವರಲ್ಲಿ. ರುಮಟಾಯ್ಡ್ ಇರುವ 451 ಜನರಲ್ಲಿ ಅರ್ಧ ಜನಕ್ಕೆ ಎರಡು ವರ್ಷ ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಕೊಟ್ಟರು. ಕಾಯಿಲೆ ಹತೋಟಿಗೆ ಬಂತು, ಗಂಟಿನ ಹಾನಿ ಕಡಿಮೆಯಾಯಿತು. ಸೋಂಕು ಜಾಸ್ತಿಯಾಯಿತು, ಆದರೆ ಹೆಚ್ಚಿನವು ಸಣ್ಣ ಪುಟ್ಟವು. ಆಂಕಾ ಕಾಯಿಲೆಯಲ್ಲೂ 2020ರ ಪೆಕ್ಸಿವಾಸ್ ಅಧ್ಯಯನ ಸ್ಟಿರಾಯ್ಡನ್ನು ಬೇಗ ಇಳಿಸಿದರೂ ಫಲ ಅಷ್ಟೇ, ಗಂಭೀರ ಸೋಂಕು ಕಡಿಮೆ ಅಂತ ತೋರಿಸಿತು. ಜೈಂಟ್ ಸೆಲ್ ಕಾಯಿಲೆಗೆ 2017ರಿಂದ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಬಳಕೆಗೆ ಬಂದು ಸ್ಟಿರಾಯ್ಡ್ ಇಳಿಸುವುದು ಸುಲಭವಾಯಿತು. ಬೆಲೆ ಜಾಸ್ತಿ. ಇನ್ನೊಂದು ಎಚ್ಚರಿಕೆ, ಈ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಸೋಂಕು ಇದ್ದರೂ ಸಿಆರ್‌ಪಿ ಏರದೆ ಇರಬಹುದು.

ರುಮಟಾಯ್ಡ್‌ಗೆ ಇವತ್ತಿಗೂ ಮೂಲ ಔಷಧಿ ಮೆಥೊಟ್ರೆಕ್ಸೇಟ್. ಅಗ್ಗ, ಹಳೆಯದು, ಹಿರಿಯರಿಗೂ ಒಗ್ಗುತ್ತದೆ. ಆದರೆ ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ಕೊಪ್ಪದ ಕಡೆಯ ಒಬ್ಬ ಹಿರಿಯರು ಬಾಯಿತುಂಬ ಹುಣ್ಣು, ನೀರೂ ಇಳಿಯದ ಸ್ಥಿತಿಯಲ್ಲಿ ಬಂದರು. ಮಗ ಒಂದು ಬಿಸ್ಕತ್ತಿನ ಡಬ್ಬಿ ತಂದಿದ್ದ. ಟೇಬಲ್ ಮೇಲೆ ಮಗುಚಿದೆವು. ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡುವ ಮಾತ್ರೆ, ಎರಡು ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಡೈಕ್ಲೊಫೆನಾಕ್ ಅನ್ನುವ ನೋವಿನ ಮಾತ್ರೆ, ಪೇಪರಿನಲ್ಲಿ ಕಟ್ಟಿದ ಹೆಸರಿಲ್ಲದ ಪುಡಿ, ಮತ್ತೆ ಮುಕ್ಕಾಲು ಖಾಲಿಯಾದ ಮೆಥೊಟ್ರೆಕ್ಸೇಟ್ ಹಾಳೆ. ದಿನಾ ನುಂಗಿದ್ದರು. ಚೀಟಿಯಲ್ಲಿ ವಾರಕ್ಕೊಮ್ಮೆ ಅನ್ನುವುದನ್ನು ಇಂಗ್ಲಿಷಿನ ಎರಡಕ್ಷರದಲ್ಲಿ ಬರೆದಿದ್ದರು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಿಳಿ ರಕ್ತಕಣ ಪಾತಾಳಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲಿ ಇಟ್ಟು, ಅದರ ವಿಷ ಇಳಿಸುವ ಫೋಲಿನಿಕ್ ಆಸಿಡ್ ಕೊಟ್ಟು ಉಳಿಸಿಕೊಂಡೆವು. ಅವತ್ತಿನಿಂದ ನಾನು ಚೀಟಿಯ ಮೇಲೆ ವಾರದ ಹೆಸರನ್ನೇ ಕನ್ನಡದಲ್ಲಿ ದೊಡ್ಡದಾಗಿ ಬರೆಯುತ್ತೇನೆ. ಭಾನುವಾರ ಅಂದರೆ ಭಾನುವಾರ ಮಾತ್ರ. ಅದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ಮಾತ್ರೆ ಬೇರೆ ದಿನ. ಈ ಔಷಧಿ ತೆಗೆದುಕೊಳ್ಳುವವರು ಮೂತ್ರದ ಸೋಂಕಿಗೆ ಕೊಡುವ ಕೋಟ್ರಿಮಾಕ್ಸಜೋಲ್ ಅನ್ನುವ ಸಲ್ಫಾ ಮಾತ್ರೆ ತೆಗೆದುಕೊಳ್ಳಬಾರದು, ಎರಡೂ ಸೇರಿದರೆ ರಕ್ತಕಣ ಕುಸಿಯುತ್ತದೆ. ವಾಂತಿ ಭೇದಿ ಆದ ವಾರ ಡೋಸ್ ಬಿಟ್ಟು ಫೋನ್ ಮಾಡಿ. ಒಣಕೆಮ್ಮು, ಉಬ್ಬಸ ಹೊಸದಾಗಿ ಬಂದರೂ ನಿಲ್ಲಿಸಿ ತೋರಿಸಿ.

ಆ ಡಬ್ಬಿಯಲ್ಲಿದ್ದ ಇನ್ನೊಂದು ಅಪಾಯ ನೋವಿನ ಮಾತ್ರೆ. ಬಿಪಿಯ ಕೆಲವು ಮಾತ್ರೆ, ಮೂತ್ರದ ಮಾತ್ರೆ, ಅದರ ಮೇಲೆ ಡೈಕ್ಲೊಫೆನಾಕ್, ಮೂರೂ ಸೇರಿದರೆ ಮುದಿ ಕಿಡ್ನಿ ತಡೆಯುವುದಿಲ್ಲ. ಕಿಡ್ನಿ ಸರಿ ಇದೆ ಅಂತ ರಿಪೋರ್ಟ್ ತೋರಿಸುತ್ತೀರಿ. ಒಂದು ಲೆಕ್ಕ ಹಾಕೋಣ. 78 ವರ್ಷದ ಅಜ್ಜಿ, ತೂಕ 45 ಕಿಲೋ, ಕ್ರಿಯಾಟಿನಿನ್ 1.1. ಲ್ಯಾಬಿನವರ ಪ್ರಕಾರ ನಾರ್ಮಲ್. ಕಾಕ್‌ಕ್ರಾಫ್ಟ್-ಗಾಲ್ಟ್ ಅನ್ನುವ ಹಳೆಯ ಸೂತ್ರ ಇದೆ, ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಶೋಧಿಸುತ್ತದೆ ಅಂತ ಅದು ಅಂದಾಜು ಹೇಳುತ್ತದೆ. 140ರಲ್ಲಿ ವಯಸ್ಸು ಕಳೆದರೆ 62. ಅದನ್ನು 45ರಿಂದ ಗುಣಿಸಿ, 72ನ್ನು 1.1ರಿಂದ ಗುಣಿಸಿ ಬಂದದ್ದರಿಂದ ಭಾಗಿಸಿ, ಹೆಂಗಸರಾದ್ದರಿಂದ 0.85ರಿಂದ ಗುಣಿಸಿದರೆ ಸಿಗುವುದು ಸುಮಾರು 30. ಆರೋಗ್ಯವಂತ ಯುವಕರಲ್ಲಿ ಇದು 100ರ ಆಸುಪಾಸು ಇರುತ್ತದೆ. ಸ್ನಾಯು ಕರಗಿದ ಸಣ್ಣ ಮೈಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಅದಕ್ಕೇ ಸಂಖ್ಯೆ ಚೆನ್ನಾಗಿ ಕಾಣುತ್ತದೆ. 30ರ ಕೆಳಗೆ ಹೋದರೆ ಮೆಥೊಟ್ರೆಕ್ಸೇಟ್ ಬೇಡ, ಅದರ ಹತ್ತಿರ ಇದ್ದರೂ ಬಹಳ ಯೋಚಿಸಬೇಕು. ರುಮಟಾಯ್ಡ್‌ಗೆ ಕೊಡುವ ಇನ್ನೊಂದು ಮಾತ್ರೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೂಡ ತೂಕಕ್ಕೆ ತಕ್ಕ ಹಾಗೆ, ಕಿಲೋಗೆ 5 ಮಿಲಿಗ್ರಾಂ ಮೀರಬಾರದು. ಈ ಅಜ್ಜಿಗೆ ದಿನಕ್ಕೆ 400 ಕೊಟ್ಟರೆ ಕಣ್ಣಿಗೆ ಅಪಾಯ.

ರುಮಟಾಯ್ಡ್‌ಗೆ ಕೊಡುವ ಟೊಫಾಸಿಟಿನಿಬ್ ಅನ್ನುವ ಮಾತ್ರೆ ಈಗ ನಮ್ಮಲ್ಲಿ ಅಗ್ಗವಾಗಿದೆ, ಬೇಗ ಗುಣ ಕಾಣುತ್ತದೆ, ಜನ ಕೇಳಿಕೊಂಡು ಬರುತ್ತಾರೆ. 50 ದಾಟಿದ, ಹೃದಯ ಕಾಯಿಲೆಯ ಅಪಾಯ ಇರುವವರಲ್ಲಿ ಮಾಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಟಿಎನ್‌ಎಫ್ ಅನ್ನುವ ಉರಿಯೂತದ ವಸ್ತುವನ್ನು ತಡೆಯುವ ಇಂಜೆಕ್ಷನ್‌ಗಳಿಗೆ ಹೋಲಿಸಿದರೆ ಇದರಲ್ಲಿ ಹೃದಯಾಘಾತದಂಥ ತೊಂದರೆ, ಕ್ಯಾನ್ಸರ್ ಎರಡೂ ಜಾಸ್ತಿ ಕಂಡವು. 65 ದಾಟಿದವರಿಗೆ ಬೇರೆ ದಾರಿ ಇಲ್ಲದಾಗ ಮಾತ್ರ ಇದನ್ನು ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಕೇಳಿ ಔಷಧಿಯೇ ಬೇಡ ಅನಿಸಬಹುದು. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಚಿಕಿತ್ಸೆ ಇಲ್ಲದ ಉರಿಯೂತ ಗಂಟನ್ನಷ್ಟೇ ತಿನ್ನುವುದಿಲ್ಲ. ಸ್ನಾಯು ಕರಗುತ್ತದೆ, ಹೃದಯಕ್ಕೆ ಹೊರೆಯಾಗುತ್ತದೆ, ಬಿದ್ದು ಸೊಂಟ ಮುರಿದುಕೊಂಡರೆ ಹಾಸಿಗೆಯೇ ಗತಿ. 80 ವರ್ಷದ ಒಬ್ಬರು ಗದ್ದೆ ಬದುವಿನ ಮೇಲೆ ನಡೆಯುತ್ತಾರೆ, 68ರ ಇನ್ನೊಬ್ಬರಿಗೆ ಸಕ್ಕರೆ, ಕಿಡ್ನಿ, ಮರೆವು ಎಲ್ಲ ಇರುತ್ತದೆ. ಇಬ್ಬರಿಗೂ ವಯಸ್ಸು ನೋಡಿ ಔಷಧಿ ಬರೆಯಲಾಗುವುದಿಲ್ಲ. ಮಾತ್ರೆ ಎಣಿಸಿ ಕೊಡುವವರು ಮನೆಯಲ್ಲಿ ಯಾರು, ಕಣ್ಣು ಕಾಣುತ್ತದಾ, ಹೋದ ವರ್ಷ ಬಿದ್ದಿದ್ದಾರಾ, ಅವರಿಗೆ ಏನು ಮಾಡಲು ಆಸೆ, ಇವನ್ನು ಕೇಳಿಯೇ ಬರೆಯಬೇಕು. ಮಗ ಸೊಸೆಯನ್ನು ಕೇಳಿದರೆ ಸಾಲದು. ಹಿರಿಯರನ್ನೇ ಕೇಳಬೇಕು.

ಇನ್ನು ಪ್ರಶ್ನೆಗಳು.

ಪುಡಿ ತಿಂದು ಎರಡು ವರ್ಷದಿಂದ ಆರಾಮಾಗಿದ್ದೇನೆ, ಬಿಡಬೇಕಾ ಅಂತ ಒಬ್ಬರು ಕೇಳಿದರು. ನಮ್ಮ ನಾಟಿ ವೈದ್ಯರಲ್ಲಿ ತಿಳಿದವರಿದ್ದಾರೆ, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಹೆಸರಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿ ಮಾರುವುದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿರುವ ವಿಷಯ. ಒಂದೇ ದಿನದಲ್ಲಿ ನೋವು ಮಾಯ, ಮುಖ ದುಂಡಗೆ, ಚರ್ಮ ತೆಳ್ಳಗಾಗಿ ಮುಟ್ಟಿದರೆ ನೀಲಿ, ಹೀಗಿದ್ದರೆ ಅನುಮಾನ ಪಡಿ. ಆದರೆ ಒಮ್ಮೆಲೇ ಬಿಡಬೇಡಿ. ಬಹಳ ದಿನ ಹೊರಗಿನಿಂದ ಸ್ಟಿರಾಯ್ಡ್ ಸಿಕ್ಕಾಗ ದೇಹ ತಾನೇ ಮಾಡುವುದನ್ನು ನಿಲ್ಲಿಸಿರುತ್ತದೆ. ದಿಢೀರ್ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಪುಡಿಯನ್ನೂ ಹಿಡಿದುಕೊಂಡೇ ವೈದ್ಯರ ಹತ್ತಿರ ಬನ್ನಿ, ಅವರು ನಿಧಾನಕ್ಕೆ ಇಳಿಸುತ್ತಾರೆ.

ಪಥ್ಯ ಏನು ಅಂತ ಹಲವರು ಕೇಳಿದರು. ಯೂರಿಕ್ ಆಸಿಡ್‌ನ ಗೌಟ್ ಇದ್ದವರು ಹೆಂಡ, ಕಲಿಜ, ಕೆಲವು ಮೀನು ಕಡಿಮೆ ಮಾಡಿ. ಉಳಿದವರು ಹುಳಿ, ಬದನೆ, ಆಲೂಗಡ್ಡೆ ಬಿಡಬೇಕಿಲ್ಲ. ಹಿರಿಯರು ಪಥ್ಯದ ಹೆಸರಲ್ಲಿ ಬರೀ ಗಂಜಿ ಉಂಡು ಸ್ನಾಯು ಕಳೆದುಕೊಳ್ಳುವುದು ನನಗೆ ಹೆಚ್ಚು ಸಂಕಟ. ಬೇಳೆ, ಮೊಸರು, ಮೊಟ್ಟೆ, ಮೀನು ತಿನ್ನಿ.

ಲಸಿಕೆ ಹಾಕಿಸಬಹುದಾ? ಹಾಕಿಸಲೇಬೇಕು. ಫ್ಲೂ, ನ್ಯುಮೋನಿಯಾ ಲಸಿಕೆಗಳು, ಸಾಧ್ಯವಾದರೆ ಸರ್ಪಸುತ್ತಿನ ಜೀವಂತ ವೈರಸ್ ಇಲ್ಲದ ಹೊಸ ಲಸಿಕೆ. ಅದು ಎರಡು ಡೋಸ್, ದುಬಾರಿ. ರಿಟುಕ್ಸಿಮ್ಯಾಬ್ ಅನ್ನುವ, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಇಂಜೆಕ್ಷನ್ ಕೊಡುವುದಿದ್ದರೆ ಲಸಿಕೆ ಅದಕ್ಕಿಂತ ಮೊದಲು ಆಗಬೇಕು, ಆಮೇಲೆ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ.

ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್‌ಗೆ ಮಾಡುವ ರಕ್ತ ಪರೀಕ್ಷೆ) ಪಾಸಿಟಿವ್ ಬಂದಿದೆ, ನೋವೇನೂ ಇಲ್ಲ ಅಂದರು ಇನ್ನೊಬ್ಬರು. ವಯಸ್ಸಾದ ಹಾಗೆ ಆರೋಗ್ಯವಾಗಿರುವವರಲ್ಲೂ ಅದು ಪಾಸಿಟಿವ್ ಬರುತ್ತದೆ. ಗಂಟು ಊದದೆ ಬರೀ ಕಾಗದಕ್ಕೆ ಔಷಧಿ ಬೇಡ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾತ ಎದ್ದು, ಈ ಮಾತ್ರೆ ಎಷ್ಟು ದಿನ ನುಂಗಬೇಕು ಹೇಳಿಬಿಡಿ ಅಂದರು. ಪಾಲಿಮಯಾಲ್ಜಿಯಾಕ್ಕೆ ಒಂದರಿಂದ ಎರಡು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. 10 ಮಿಲಿಗ್ರಾಂಗೆ ಬಂದ ಮೇಲೆ ತಿಂಗಳಿಗೆ ಒಂದೊಂದೇ ಮಿಲಿಗ್ರಾಂ ಇಳಿಸುತ್ತೇವೆ, ಮಧ್ಯೆ ನೋವು ಮರಳಿದರೆ ಒಂದು ಹೆಜ್ಜೆ ಹಿಂದೆ ಹೋಗುತ್ತೇವೆ. ಜೈಂಟ್ ಸೆಲ್ ಕಾಯಿಲೆಗೂ ಹೆಚ್ಚುಕಮ್ಮಿ ಅಷ್ಟೇ ಕಾಲ ಬೇಕು. ರುಮಟಾಯ್ಡ್‌ನಲ್ಲಿ ಸ್ಟಿರಾಯ್ಡನ್ನು ಆದಷ್ಟು ಬೇಗ ಇಳಿಸಿ ನಿಲ್ಲಿಸಲು ನೋಡುತ್ತೇವೆ, ಮೆಥೊಟ್ರೆಕ್ಸೇಟ್ ಬಹಳ ವರ್ಷ ಮುಂದುವರಿಯಬಹುದು. ಮೆಥೊಟ್ರೆಕ್ಸೇಟ್ ನುಂಗುವವರಿಗೆ ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಅದನ್ನು ತಾಲ್ಲೂಕಿನಲ್ಲೇ ಮಾಡಿಸಿ ರಿಪೋರ್ಟಿನ ಫೋಟೋ ಕಳಿಸಿದರೂ ಆಗುತ್ತದೆ, ಪ್ರತಿ ಸಲ ಶಿವಮೊಗ್ಗಕ್ಕೆ ಬರಬೇಕಿಲ್ಲ ಅಂತ ಅವರಿಗೆ ಹೇಳಿದೆ.